ನ್ಯಾರೋಬೋಟ್ ಡ್ರೈ ಎಕ್ಸಾಸ್ಟ್: ಸೇಫ್ಟಿ ಪರೀಕ್ಷೆಗೆ ಮೂರು ವಾರ ಇದೆ, ಹಳೇ ಲ್ಯಾಗಿಂಗ್ ಮೇಲೇ ಹೊಸದು ಸುತ್ತಬಹುದಾ?

ಗ್ರ್ಯಾಂಡ್‌ಯೂನಿಯನ್57

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಕಾಲುವೆಗಳಲ್ಲಿ ಬೋಟ್ ಇಟ್ಟುಕೊಂಡಿರೋ ಕನ್ನಡದವರು ಇಲ್ಲಿ ಮೂರ್ನಾಲ್ಕು ಜನ ಇದ್ದೀರಿ, ಅದಕ್ಕೇ ಇಲ್ಲಿ ಕೇಳ್ತಿದ್ದೀನಿ.

57 ಅಡಿ ಸ್ಟೀಲ್ ನ್ಯಾರೋಬೋಟ್ (ಕಾಲುವೆಗೆ ಅಂತಲೇ ಮಾಡಿದ ಕಿರಿದಾದ, ಉದ್ದನೆ ಬೋಟ್), 1991ರಲ್ಲಿ ಕಟ್ಟಿದ್ದು. ಟ್ರ್ಯಾಡ್ ಸ್ಟರ್ನ್, ಅಂದ್ರೆ ಎಂಜಿನ್ ಕ್ಯಾಬಿನ್ನಿನ ಹಿಂದಿನ ತುದಿಯಲ್ಲೇ ಇದೆ. ಮಲಗೋ ಜಾಗಕ್ಕೂ ಅದಕ್ಕೂ ಮಧ್ಯೆ ಒಂದು ಪ್ಲೈವುಡ್ ಗೋಡೆ ಅಷ್ಟೆ. ಬಿಎಂಸಿ 1.8 ಡೀಸೆಲ್, ಸ್ಕಿನ್ ಟ್ಯಾಂಕ್ ಕೂಲಿಂಗ್ (ಎಂಜಿನ್ ನೀರು ಬೋಟಿನ ಹೊರಮೈಗೆ ಅಂಟಿದ ಟ್ಯಾಂಕಿನಲ್ಲಿ ತಣ್ಣಗಾಗುತ್ತೆ), ಡ್ರೈ ಎಕ್ಸಾಸ್ಟ್ (ಹೊಗೆ ಪೈಪಿಗೆ ನೀರು ಬಿಡಲ್ಲ, ಹಾಗಾಗಿ ಪೈಪು ತುಂಬಾ ಬಿಸಿಯಾಗುತ್ತೆ). ಮ್ಯಾನಿಫೋಲ್ಡ್ (ಎಂಜಿನ್ ಹೊಗೆ ಒಟ್ಟಾಗೋ ಭಾಗ) ಆದ್ಮೇಲೆ ಒಂದು ಎಲ್ಬೋ ಅಂದ್ರೆ ಬಾಗಿದ ಪೈಪು, ಅಲ್ಲಿಂದ ಸ್ಟೇನ್‌ಲೆಸ್ ಬೆಲ್ಲೋಸ್ (ಅಲುಗಾಡೋಕೆ ಬಿಡೋ ಸುಕ್ಕು ಸುಕ್ಕಾದ ಪೈಪು), ಆಮೇಲೆ ಸುಮಾರು ಒಂದು ಮೀಟರ್ ಪೈಪು, ಹಾಸ್ಪಿಟಲ್ ಸೈಲೆನ್ಸರ್, ಕೊನೆಗೆ ಎಡಗಡೆ ಹಲ್‌ನಿಂದ (ಬೋಟಿನ ಹೊರಮೈ) ಹೊರಗೆ.

ಬೋಟ್ ಸೇಫ್ಟಿ ಸ್ಕೀಮ್ ಸರ್ಟಿಫಿಕೇಟ್ ಮುಂದಿನ ತಿಂಗಳು ಮುಗಿಯುತ್ತೆ, ಪರೀಕ್ಷಕರು ಮೂರು ವಾರ ಬಿಟ್ಟು ಬರ್ತಾರೆ. ಪೈಪಿನ ಮೇಲಿನ ಬಟ್ಟೆ ಲ್ಯಾಗಿಂಗ್ (ಶಾಖ ತಡೆಯೋ ಹೊದಿಕೆ) ಎರಡು ಕಡೆ ಬಿಚ್ಚಿಕೊಂಡು ನೇತಾಡ್ತಿದೆ. ಬೆಲ್ಲೋಸ್ ಹತ್ತಿರ ಕಪ್ಪಗಾಗಿದೆ, ಕೆಳಭಾಗ ಎಣ್ಣೆ ಕುಡಿದಿದೆ. ಸೈಲೆನ್ಸರ್ ಮೇಲೆ ಏನೂ ಇಲ್ಲ.

ಹಳೇ ಬಟ್ಟೆ ಮೇಲೇ ಹೊಸ ಟೇಪು ಸುತ್ತಿಬಿಟ್ಟರೆ ನಡೆಯುತ್ತಾ? ಪರೀಕ್ಷಕರು ನಿಜವಾಗಿ ನೋಡೋದು ಏನನ್ನ? ಬೆಲ್ಲೋಸ್ ಹತ್ತಿರ ಸಣ್ಣ ಸೋರಿಕೆ ಇದ್ದರೆ ಎಕ್ಸಾಸ್ಟ್ ಪೇಸ್ಟ್ ಸಾಕಾ?


ನೀರ್ದಾರಿ

ಹಳೆಯದರ ಮೇಲೆ ಸುತ್ತಬೇಡಿ. ಎರಡು ಕಾರಣ. ಎಣ್ಣೆ, ಡೀಸೆಲ್ ಹೀರಿದ ಲ್ಯಾಗಿಂಗ್ ಎಂದರೆ ಬಿಸಿ ಪೈಪಿಗೆ ಸುತ್ತಿದ ದೀಪದ ಬತ್ತಿ; ಮೇಲೆ ಹೊಸ ಬಟ್ಟೆ ಬಂದರೆ ಒಳಗಿನ ಶಾಖ ಇನ್ನೂ ಏರುತ್ತದೆ. ಎರಡನೆಯದು, ಬೆಲ್ಲೋಸ್ ಬಳಿಯ ಆ ಕಪ್ಪು ಕಲೆಯೇ ನಿಮಗಿರುವ ಏಕೈಕ ಸಾಕ್ಷಿ. ಅದನ್ನು ಮುಚ್ಚಿದರೆ ಸೋರಿಕೆ ನಿಲ್ಲುವುದಿಲ್ಲ, ಕಾಣುವುದು ಮಾತ್ರ ನಿಲ್ಲುತ್ತದೆ. ಸೋರಿಕೆ ಹುಡುಕುವುದು, ಸರಿಪಡಿಸುವುದು, ಆಮೇಲೆ ಹೊದಿಸುವುದು: ಕ್ರಮ ಹೀಗೇ ಇರಬೇಕು.

ಆದರೆ ಹಳೆಯದನ್ನು ಕಿತ್ತುಹಾಕುವ ಮುಂಚೆ ಒಂದು ವಿಷಯ. ಬೋಟ್ 1991ರದ್ದು ಅಂದಿರಿ. ಬ್ರಿಟನ್ನಿನಲ್ಲಿ ನೀಲಿ ಮತ್ತು ಕಂದು ಆಸ್ಬೆಸ್ಟಾಸ್ ನಿಷೇಧವಾದದ್ದು 1985ರಲ್ಲಿ, ಬಿಳಿಯದು 1999ರಲ್ಲಿ. ಹಾಗಾಗಿ ಆ ಕಾಲದ ಎಕ್ಸಾಸ್ಟ್ ಬಟ್ಟೆ, ಹಗ್ಗ, ಫ್ಲಾಂಜ್ ಗ್ಯಾಸ್ಕೆಟ್ (ಬೋಲ್ಟಿನಿಂದ ಕೂಡಿಸುವ ಎರಡು ಚಪ್ಪಟೆ ಮುಖಗಳ ನಡುವಿನ ಪದರ) ಇವುಗಳಲ್ಲಿ ಬಿಳಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಕಣ್ಣಿಂದ ನೋಡಿ ಗ್ಲಾಸ್ ಫೈಬರ್ ಯಾವುದು, ಆಸ್ಬೆಸ್ಟಾಸ್ ಯಾವುದು ಎಂದು ಹೇಳಲಾಗದು. ಒಂದು ಉಗುರಿನಷ್ಟು ತುಂಡನ್ನು ನೀರು ಚಿಮುಕಿಸಿ ಒದ್ದೆ ಮಾಡಿಯೇ ಕತ್ತರಿಸಿ, ಎರಡು ಜಿಪ್ ಚೀಲಗಳಲ್ಲಿ ಒಂದರೊಳಗೊಂದು ಇಟ್ಟು, ಯುಕೆಎಎಸ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ಬ್ರಿಟನ್ನಿನ ಸಂಸ್ಥೆ) ಮಾನ್ಯತೆ ಇರುವ ಲ್ಯಾಬಿಗೆ ಕಳಿಸಿ. ಮಾಸ್ಕ್, ಕೈಗವಸು, ಚೀಲ ಎಲ್ಲ ಸೇರಿದ ಕಿಟ್ ಸಿಗುತ್ತದೆ. ಆಸ್ಬೆಸ್ಟಾಸ್ ಅಂತ ಬಂದರೆ ನೀವೇ ಕೈಹಾಕಬೇಡಿ. ಅದನ್ನು ತೆಗೆಯಲು ಲೈಸೆನ್ಸ್ ಇರುವವರನ್ನೇ ಕರೆಸಿ. ಮೂರು ವಾರದಲ್ಲಿ ಇದೇ ಹೆಚ್ಚು ದಿನ ತಿನ್ನುವ ಕೆಲಸ, ಆದ್ದರಿಂದ ಇವತ್ತೇ ಶುರು ಮಾಡಿ.

ಪರೀಕ್ಷಕರು ಏನು ನೋಡುತ್ತಾರೆ? ಅವರು ಏನನ್ನೂ ಬಿಚ್ಚುವುದಿಲ್ಲ. ಟಾರ್ಚು, ಕನ್ನಡಿ, ಕೈ, ಕಣ್ಣು. ಎಕ್ಸಾಸ್ಟಿನ ಮಟ್ಟಿಗೆ ಮೂರು ಸಂಗತಿ: ಅನಿಲ ಸೋರುತ್ತಿರುವ ಗುರುತು ಅಥವಾ ಭಾಗಗಳಿಗೆ ಹಾನಿ ಇದೆಯೇ, ಡ್ರೈ ಎಕ್ಸಾಸ್ಟ್ ಆದರೆ ಶಾಖ ತಡೆಯುವ ಹೊದಿಕೆ ಸರಿಯಾಗಿದೆಯೇ, ಸದ್ದು ಅಡಗಿಸುವ ಸೈಲೆನ್ಸರ್ ಇದೆಯೇ. ಇದರ ಜೊತೆಗೆ, ಬೇರೆ ಬೇರೆ ತಲೆಬರಹದಡಿ ಬಂದರೂ ಎಕ್ಸಾಸ್ಟಿಗೆ ತಗುಲುವ ಅಂಶಗಳಿವೆ. ಇಂಧನದ ಹೋಸ್ ಮೇಲೆ ಐಎಸ್‌ಒ 7840 (ಬೆಂಕಿ ತಾಳುವ ಹೋಸಿನ ಮಾನದಂಡ) ಗುರುತು ಓದುವಂತಿರಬೇಕು. ಪೇಂಟ್ ಬಿದ್ದು ಅಥವಾ ಗ್ರೀಸ್ ಕೂತು ಅಕ್ಷರ ಮುಚ್ಚಿದ್ದರೆ ಬಟ್ಟೆಯಿಂದ ಒರೆಸಿಡಿ. ವೈರುಗಳು, ಇಂಧನದ ಪೈಪು, ಗ್ಯಾಸ್ ಪೈಪು ಬಿಸಿ ಭಾಗಕ್ಕೆ ತಾಗುವಂತಿರಬಾರದು. ಸ್ಕೀಮಿನವರ ಪರಿಶೀಲನಾ ಪಟ್ಟಿ ಅವರ ವೆಬ್‌ಸೈಟಿನಲ್ಲೇ ಉಚಿತವಾಗಿ ಇದೆ. ಇಂಧನ ಮತ್ತು ಎಂಜಿನ್ ಕುರಿತ ಎರಡನೇ ಭಾಗ, ಒಲೆ-ಹೀಟರ್-ಗಾಳಿಯಾಟದ ಎಂಟನೇ ಭಾಗ, ಇವೆರಡನ್ನು ಬೋಟಿನಲ್ಲಿ ಕೂತು ಒಂದೊಂದೇ ಸಾಲು ಓದಿ ಟಿಕ್ ಮಾಡಿ.

ಒಂದು ಮಾತು. ಸರ್ಟಿಫಿಕೇಟ್ ನಾಲ್ಕು ವರ್ಷದ್ದು, ಆದರೆ ಅದು ಪರೀಕ್ಷೆಯ ದಿನ ಕಂಡದ್ದರ ಮೇಲೆ ಮಾತ್ರ. ಎಂಜಿನ್ ಗಟ್ಟಿಯಾಗಿದೆ ಎಂದು ಅದು ಹೇಳುವುದಿಲ್ಲ.


ಮಲ್ಪೆ_ಡೀಸೆಲ್

ನೀರ್ದಾರಿ ಹೇಳಿದ್ದು ಸರಿ ಉಂಟು. ಆಸ್ಬೆಸ್ಟಾಸ್ ವಿಷಯದಲ್ಲಿ ಒಂದು ಸೇರಿಸ್ತೇನೆ. ಊರಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ಆಸ್ಬೆಸ್ಟಾಸ್ ಹಗ್ಗ ಈಗಲೂ ಸಿಗ್ತದೆ, ಭಾರತದಲ್ಲಿ ಅದರ ಬಳಕೆಗೆ ಪೂರ್ತಿ ನಿಷೇಧ ಇಲ್ಲ. "ಊರಿಂದ ಬರುವಾಗ ನಾಲ್ಕು ಮೀಟರ್ ತರ್ತೇನೆ" ಅಂತ ಯೋಚನೆ ಬೇಡ ಮಾರಾಯ್ರೆ. ಇಲ್ಲಿ ಅದನ್ನು ತರುವುದೂ ತಪ್ಪು, ಹಾಕುವುದೂ ತಪ್ಪು.

ಸೋರಿಕೆ ಹುಡುಕ್ಲಿಕ್ಕೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಶುರು ಮಾಡಿ. ಬಿಸಿಯಾದ ಮೇಲೆ ಲೋಹ ಹಿಗ್ಗಿ ಎಷ್ಟೋ ಸಣ್ಣ ಬಿರುಕು ತಾನಾಗಿ ಮುಚ್ಚಿಕೊಳ್ತದೆ, ಆಗ ಸಿಗುವುದಿಲ್ಲ. ಮೊದಲು ಟಾರ್ಚು. ಒಣ ಸೋರಿಕೆ ಆದ್ರೆ ಕಾಡಿಗೆ ತರ ನುಣ್ಣನೆಯ ಮಸಿ, ಬೆರಳಲ್ಲಿ ಒರೆಸಿದರೆ ಬರ್ತದೆ, ಜಾಯಿಂಟಿನಿಂದ ಹೊರಗೆ ಬೀಸಣಿಗೆ ಹಾಗೆ ಹರಡಿರ್ತದೆ. ಜಿಡ್ಡು ಜಿಡ್ಡು ಕಪ್ಪು ನೀರಾದ್ರೆ ಅದು ಬೇರೆ ಕಥೆ: ಬ್ಯಾಟರಿ ಚಾರ್ಜಿಗೆ ಅಂತ ಗಂಟೆಗಟ್ಟಲೆ ಐಡ್ಲಿಂಗಲ್ಲಿ ಓಡಿಸಿದ್ದಕ್ಕೆ ಸುಡದ ಡೀಸೆಲ್ ಮತ್ತು ನೀರು ಒಳಗೆ ಕಟ್ಟಿ ಇಳಿಯುವುದು. ಆ ನೀರಿನಲ್ಲಿ ಆಮ್ಲ ಉಂಟು, ಸೈಲೆನ್ಸರನ್ನು ಒಳಗಿನಿಂದ ತಿಂದು ಹಾಕ್ತದೆ. ಸೈಲೆನ್ಸರಿನ ಅಡಿಯಲ್ಲಿ ಡ್ರೈನ್ ಪ್ಲಗ್ ಇದ್ದರೆ ಬಿಚ್ಚಿ ನೋಡಿ. ಇಲ್ಲದಿದ್ದರೆ ಸ್ಕ್ರೂಡ್ರೈವರ್ ಹಿಡಿಯಿಂದ ಅಡಿಭಾಗಕ್ಕೆ ತಟ್ಟಿ. ಗಟ್ಟಿ ಇದ್ರೆ ಗಂಟೆ ತರ ಸ್ವಲ್ಪ ಮೊಳಗ್ತದೆ, ತುಕ್ಕು ತಿಂದಿದ್ರೆ ಹಸಿ ಮಡಕೆಗೆ ತಟ್ಟಿದ ಹಾಗೆ "ಡಬ್" ಅಂತದೆ.

ಆಮೇಲೆ ಊದುಬತ್ತಿ. ಹೌದು, ಪೂಜೆಯದ್ದೇ. ಎಂಜಿನ್ ಸ್ಟಾರ್ಟ್ ಮಾಡಿ, ಹೊರಗೆ ಇನ್ನೊಬ್ಬರು ದಪ್ಪ ಕೈಗವಸು ಹಾಕಿ ಒದ್ದೆ ಬಟ್ಟೆಯಿಂದ ಎಕ್ಸಾಸ್ಟ್ ಬಾಯಿಯನ್ನು ಅರ್ಧ ಮುಚ್ಚಲಿ, ಐದಾರು ಸೆಕೆಂಡು ಮಾತ್ರ, ಪೂರ್ತಿ ಮುಚ್ಚಬಾರದು. ಒಳಗೆ ಒತ್ತಡ ಏರ್ತದೆ. ಊದುಬತ್ತಿಯ ಹೊಗೆ ಜಾಯಿಂಟಿನ ಸುತ್ತ ನಿಧಾನ ತಿರುಗಿಸಿದ್ರೆ, ಸೋರುವ ಜಾಗದಲ್ಲಿ ಹೊಗೆಯ ಎಳೆ ಫಕ್ಕನೆ ಪಕ್ಕಕ್ಕೆ ಹಾರ್ತದೆ. ಆ ಜಾಗಕ್ಕೆ ಸೋಪು ನೀರು ಸ್ಪ್ರೇ ಮಾಡಿ ಗುಳ್ಳೆ ನೋಡಿ ಖಾತ್ರಿ ಮಾಡಿಕೊಳ್ಳಿ. ಎಂಜಿನ್ ತಣ್ಣಗೆ ಇರುವಾಗಲೇ ಇದೆಲ್ಲ, ಮೂರ್ನಾಲ್ಕು ನಿಮಿಷದೊಳಗೆ. ಕ್ಯಾಬಿನ್ ಬಾಗಿಲು, ಕಿಟಕಿ, ಮೇಲಿನ ಹ್ಯಾಚ್ ಎಲ್ಲ ತೆರೆದಿರಬೇಕು, ಅಡುಗೆ ಗ್ಯಾಸ್ ಸಿಲಿಂಡರಿನಲ್ಲೇ ಬಂದ್ ಆಗಿರಬೇಕು. ಪೆಟ್ರೋಲ್ ಎಂಜಿನ್ ಇರುವ ಬೋಟಿನಲ್ಲಿ ಊದುಬತ್ತಿ ಅಂತ ಯೋಚನೆಯೂ ಮಾಡಬೇಡಿ, ಅಲ್ಲಿ ಸೋಪು ನೀರು ಮಾತ್ರ.


ಗ್ರ್ಯಾಂಡ್‌ಯೂನಿಯನ್57

ಹಿಂದಿನ ಮಾಲೀಕರ ಕಡತದಲ್ಲಿ 2011ರ ಬಿಲ್ ಸಿಕ್ತು, ಗ್ಲಾಸ್ ಫೈಬರ್ ಟೇಪು ಅಂತಿದೆ. ಹಾಗಾದ್ರೆ ಲ್ಯಾಬ್ ಬೇಡ ಅಲ್ವಾ?


ನೀರ್ದಾರಿ

ಬಿಲ್ ಮೇಲಿನ ಪದರದ ಬಗ್ಗೆ ಹೇಳುತ್ತದೆ. 2011ರಲ್ಲಿ ಅವರೂ ನಿಮ್ಮ ಹಾಗೆಯೇ ಹಳೆಯದರ ಮೇಲೆ ಸುತ್ತಿರಬಹುದು! ಒಂದು ಕಡೆ ಒದ್ದೆ ಮಾಡಿ ಲೋಹ ಕಾಣುವವರೆಗೂ ಸೀಳಿ ನೋಡಿ. ಒಂದೇ ಬಗೆಯ ಬಟ್ಟೆ ಇದ್ದರೆ ಒಂದು ಮಾದರಿ ಸಾಕು, ಎರಡು ಪದರ ಕಂಡರೆ ಎರಡನ್ನೂ ಬೇರೆ ಬೇರೆ ಕಳಿಸಿ. ಮ್ಯಾನಿಫೋಲ್ಡ್ ಫ್ಲಾಂಜ್ ಗ್ಯಾಸ್ಕೆಟ್ ಬಿಚ್ಚುವುದಿದ್ದರೆ ಅದನ್ನೂ ಅನುಮಾನದಿಂದಲೇ ನೋಡಿ. ಅಂಟಿಕೊಂಡ ಹಳೆ ಗ್ಯಾಸ್ಕೆಟನ್ನು ವೈರ್ ಬ್ರಷ್ ಹಾಕಿ ಉಜ್ಜಬಾರದು, ಒದ್ದೆ ಮಾಡಿ ಹೆರೆಗತ್ತಿಯಿಂದ ಎಬ್ಬಿಸಬೇಕು.


ಗ್ರ್ಯಾಂಡ್‌ಯೂನಿಯನ್57

ನೀವು ಹೇಳಿದ್ದೇ ನಿಜ, ಎರಡು ಪದರ ಇತ್ತು. ಎರಡೂ ಕಳಿಸಿದೆ, ಎರಡರಲ್ಲೂ ಆಸ್ಬೆಸ್ಟಾಸ್ ಇಲ್ಲ ಅಂತ ವರದಿ ಬಂತು. ಎಲ್ಲಾ ತೆಗೆದಾಯ್ತು.

ಈಗ ಪೈಪು ಬರೀ ಮೈಯಲ್ಲಿದೆ. ಊದುಬತ್ತಿ ಪರೀಕ್ಷೆಯಲ್ಲಿ ಮ್ಯಾನಿಫೋಲ್ಡ್ ಕಡೆ ಏನೂ ಇಲ್ಲ. ಬೆಲ್ಲೋಸಿನ ಸೈಲೆನ್ಸರ್ ಕಡೆಯ ತುದಿಯಲ್ಲಿ, ಸುಕ್ಕು ಮುಗಿದು ಕಾಲರಿಗೆ ವೆಲ್ಡ್ ಆಗಿರೋ ಜಾಗದಲ್ಲಿ, ಕೆಳಗಡೆ ಕೂದಲೆಳೆಯಷ್ಟು ಬಿರುಕು. ಅದರ ಸುತ್ತ ಮಸಿ. ಪೇಸ್ಟ್ ಮೆತ್ತಿದರೆ ಪರೀಕ್ಷೆ ಮಟ್ಟಿಗೆ ಸಾಗುತ್ತಾ? ಬೆಲ್ಲೋಸ್ ಬದಲಾಯಿಸೋದಾದರೆ ಯಾವ ಸೈಜು? ಪೈಪಿನ ಥ್ರೆಡ್ ಮೇಲೆ ಅಳೆದರೆ 47 ಚಿಲ್ಲರೆ ಮಿ.ಮೀ. ಬರ್ತಿದೆ, ಅಂಗಡಿಯ ಪಟ್ಟಿಯಲ್ಲಿ ಅಂಥ ಸೈಜೇ ಇಲ್ಲ.


ಹುಬ್ಬಳ್ಳಿ_ಸ್ಪ್ಯಾನರ್

ಪೇಸ್ಟ್ ಹಚ್ಚಬ್ಯಾಡ್ರಿ. ಫೈರ್‌ಗಮ್ ಅಂಥಾ ಪೇಸ್ಟ್ ಇರೂದು ಕುಂತ ಜಾಯಿಂಟಿಗೆ, ಅಂದ್ರ ಥ್ರೆಡ್ಡಿಗೆ, ಫ್ಲಾಂಜಿಗೆ. ಶಾಖಕ್ಕ ಅದು ಕಲ್ಲಿನಂಗ ಗಟ್ಟಿ ಆಗತೈತಿ. ಬೆಲ್ಲೋಸಿನ ಕೆಲಸಾನ ಅಲುಗಾಡೂದು. ಕಲ್ಲು ಅಲುಗಾಡಿದ್ರ ಏನಾಗತೈತಿ? ಎರಡು ತಾಸಿನ್ಯಾಗ ಒಡದು ಉದರತೈತಿ. ಬದಲಿ ಹಾಕ್ರಿ, ಬ್ಯಾರೆ ದಾರಿ ಇಲ್ಲ.

ನಿಮ್ಮ 47 ಚಿಲ್ಲರೆ ಅಂದ್ರ ಒಂದೂವರೆ ಇಂಚು ಬಿಎಸ್‌ಪಿ, ಅಂದ್ರ ಬ್ರಿಟಿಷ್ ಪೈಪ್ ಥ್ರೆಡ್ಡಿನ ಅಳತಿ. ಈ ಪೈಪಿನ ಥ್ರೆಡ್ಡಿಗೆ ಹೆಸರಿನ ಇಂಚು ಬ್ಯಾರೆ, ಹೊರಗಿನ ಅಳತಿ ಬ್ಯಾರೆ. ಒಂದೂಕಾಲು ಇಂಚಿಗೆ 41.9 ಮಿ.ಮೀ., ಒಂದೂವರೆಗೆ 47.8, ಎರಡು ಇಂಚಿಗೆ 59.6. ಮೂರಕ್ಕೂ ಇಂಚಿಗೆ 11 ಎಳಿ. ಆನ್‌ಲೈನ್ ತರಿಸೂದಾದ್ರ ಅಮೆರಿಕಾದ ಪೈಪ್ ಥ್ರೆಡ್ ಎನ್‌ಪಿಟಿ ಬರದಂಗ ನೋಡ್ಕೋರಿ. ಅದು 48.3 ಮಿ.ಮೀ., ಇಂಚಿಗೆ ಹನ್ನೊಂದೂವರೆ ಎಳಿ. ಎರಡು ಮೂರು ಸುತ್ತು ಛಂದಂಗ ಹೋಗತೈತಿ, ಆಮ್ಯಾಲ ಹಿಡಕೊಂಡು ಬಿಡತೈತಿ. "ಬಿಗಿ ಆತು" ಅಂತ ನೀವು ಬಿಡ್ತೀರಿ, ಅದು ಜೀವನಪೂರ್ತಿ ಸೋರತೈತಿ.

ಬಿಚ್ಚಾಕ ಹಿಂದಿನ ದಿನ ಸಂಜೀಕ ತುಕ್ಕು ಬಿಡಿಸೋ ಎಣ್ಣಿ ಹಾಕಿ ಬಿಡ್ರಿ. ಮ್ಯಾನಿಫೋಲ್ಡಿನ ಕಡೆ ಎಲ್ಬೋ ಅಲುಗಾಡದಂಗ ಒಂದು ಪೈಪ್ ರೆಂಚ್ ಹಿಡೀರಿ, ಇನ್ನೊಂದು ರೆಂಚಿನಿಂದ ಬೆಲ್ಲೋಸಿನ ಷಡ್ಭುಜ ಕಾಲರ್ ತಿರುಗಿಸ್ರಿ. ಒಂದ ರೆಂಚಿನ್ಯಾಗ ಜಗ್ಗಿದ್ರ ಮ್ಯಾನಿಫೋಲ್ಡ್ ಸ್ಟಡ್ ಮುರದು ಕೈಯಾಗ ಬರತೈತಿ. ಬರಲಿಲ್ಲಾಂದ್ರ ಹಳೇ ಬೆಲ್ಲೋಸ್ ಹೆಂಗೂ ಹೋಗೂದ ಐತಿ, ನಡಕ ಕೊಯ್ದು ಬಿಡ್ರಿ, ಎರಡೂ ಕಡೆ ಸಸಾರ ಆಗತೈತಿ.

ಥ್ರೆಡ್ಡಿಗೆ ನಳದ ಪೈಪಿಗೆ ಸುತ್ತೋ ಬಿಳಿ ಪಿಟಿಎಫ್‌ಇ ಟೇಪು ಸುತ್ತಬ್ಯಾಡ್ರಿ. 260 ಡಿಗ್ರಿ ದಾಟಿದ್ರ ಅದು ಕೆಡಾಕ ಶುರು ಆಗತೈತಿ, ಹೆಚ್ಚು ಬಿಸಿ ಆದ್ರ ವಿಷದ ಹೊಗಿ ಬಿಡತೈತಿ, ಇಲ್ಲಿ ಭಾರ ಬಿದ್ದಾಗ ಪೈಪು 400 ಮುಟ್ಟೂದು ದೊಡ್ಡ ಮಾತಲ್ಲ. ವೈರ್ ಬ್ರಷ್‌ಲೇ ಥ್ರೆಡ್ ಸ್ವಚ್ಛ ಮಾಡಿ, ಗಂಡು ಥ್ರೆಡ್ಡಿಗೆ ಮಾತ್ರ ಎಕ್ಸಾಸ್ಟ್ ಪೇಸ್ಟ್ ತೆಳ್ಳಗ ಸವರಿ, ಮೊದಲಿನ ಎರಡು ಎಳಿ ಖಾಲಿ ಬಿಡ್ರಿ, ಇಲ್ಲಾಂದ್ರ ಒಳಗ ಉಂಡಿ ಆಗಿ ಬೀಳತೈತಿ. ಒಂದು ರಾತ್ರಿ ಒಣಗಾಕ ಬಿಟ್ಟು, ಮರುದಿನ ಹತ್ತು ನಿಮಿಷ ಐಡ್ಲಿಂಗ್, ಆಮ್ಯಾಲ ಭಾರ.

ಎಲ್ಲಕ್ಕಿಂತ ಹೆಚ್ಚು ಬೆಲ್ಲೋಸ್ ಸಾಯೂದು ತಿರುಚಿದ್ದಕ್ಕ. ಒಂದು ತುದಿ ಕುಂತ ಮ್ಯಾಲ ಇನ್ನೊಂದು ತುದಿ ಬಿಗಿ ಮಾಡೂಮುಂದ ನಡುಕಿನ ಸುಕ್ಕು ತಿರುಚಿಕೊಂತೈತಿ, ಕಣ್ಣಿಗೆ ಕಾಣಂಗಿಲ್ಲ. ಬಿಗಿ ಮಾಡೂಕ್ಕಿಂತ ಮೊದಲ ಬೆಲ್ಲೋಸ್ ಉದ್ದಕ್ಕೂ ಸೀಮೆಸುಣ್ಣದ್ಲೆ ಒಂದು ಗೆರಿ ಎಳೀರಿ. ಕೆಲಸ ಮುಗದಾಗ ಗೆರಿ ನೆಟ್ಟಗ ಇರಬೇಕು. ಸೊಟ್ಟ ಆಗಿದ್ರ ಬಿಚ್ಚಿ ಮತ್ತ ಹಾಕ್ರಿ. ಒಂದು ಕಡೆ ಯೂನಿಯನ್ ಜಾಯಿಂಟ್ (ಪೈಪು ತಿರುಗಿಸದ ನಟ್ಟಿನಿಂದ ಕೂಡಿಸೋ ಜೋಡಣಿ) ಹಾಕಿದ್ರ ಈ ತಕರಾರ ಇಲ್ಲ.


ನೀರ್ದಾರಿ

ಬಿರುಕು ಎಲ್ಲಿ ಬಂತು ಎಂಬುದನ್ನು ಬಿಟ್ಟು ಮುಂದೆ ಹೋಗಬೇಡಿ. ಸೈಲೆನ್ಸರ್ ಕಡೆಯ ಕಾಲರ್, ಅದರಲ್ಲೂ ಕೆಳಭಾಗದಲ್ಲಿ ಬಿರುಕು ಎಂದರೆ ಅಲ್ಲಿ ಏನೋ ತೂಗಾಡುತ್ತಿದೆ. ಸೈಲೆನ್ಸರಿಗೆ ತನ್ನದೇ ಬ್ರಾಕೆಟ್ ಇದೆಯೇ, ಅಥವಾ ಆ ಒಂದು ಮೀಟರ್ ಪೈಪೂ ಸೈಲೆನ್ಸರೂ ಸೇರಿ ಒಂದು ತುದಿ ಹಲ್ ಮೇಲೆ, ಇನ್ನೊಂದು ತುದಿ ಬೆಲ್ಲೋಸ್ ಮೇಲೆ ಕೂತಿವೆಯೇ?


ಗ್ರ್ಯಾಂಡ್‌ಯೂನಿಯನ್57

ಬ್ರಾಕೆಟ್ ಇದೆ, ಆದ್ರೆ ಅದರ ರಬ್ಬರ್ ಪುಡಿಯಾಗಿ ಹೋಗಿದೆ. ಬೋಲ್ಟು ತೂತಿನಲ್ಲಿ ಸುಮ್ನೆ ನೇತಾಡ್ತಿದೆ. ಸೈಲೆನ್ಸರ್ ಕೈಯಲ್ಲಿ ಎತ್ತಿದರೆ ಒಂದು ಬೆರಳಿನಷ್ಟು ಮೇಲೆ ಬರುತ್ತೆ.


ನೀರ್ದಾರಿ

ಅಲ್ಲಿಗೆ ಕಾರಣ ಸಿಕ್ಕಿತು. ಹಾಗೇ ಬಿಟ್ಟು ಹೊಸ ಬೆಲ್ಲೋಸ್ ಹಾಕಿದ್ದರೆ ಅದೂ ಅದೇ ಜಾಗದಲ್ಲಿ ಒಡೆಯುತ್ತಿತ್ತು.

ಎಂಜಿನ್ ರಬ್ಬರ್ ಮೌಂಟಿನ ಮೇಲಿದೆ, ಸ್ಟಾರ್ಟ್ ಆಗುವಾಗ ಮತ್ತು ನಿಲ್ಲುವಾಗ ಅದು ಕುಲುಕುವುದನ್ನು ನೋಡಿರುತ್ತೀರಿ. ಬೆಲ್ಲೋಸ್ ಇರುವುದು ಆ ಕುಲುಕಾಟಕ್ಕೆ ಮತ್ತು ಪೈಪಿನ ಹಿಗ್ಗುವಿಕೆಗೆ, ತೂಕ ಹೊರುವುದಕ್ಕಲ್ಲ. ಹಿಗ್ಗುವಿಕೆ ಎಷ್ಟು ಎಂದು ಲೆಕ್ಕ ಹಾಕಿ: ಸಾದಾ ಉಕ್ಕು ಮೀಟರಿಗೆ, ಪ್ರತಿ ಡಿಗ್ರಿಗೆ 0.012 ಮಿ.ಮೀ. ಬೆಳೆಯುತ್ತದೆ. ನಿಮ್ಮ ಒಂದು ಮೀಟರ್ ಪೈಪು 300 ಡಿಗ್ರಿ ಏರಿದರೆ ಮೂರೂವರೆ ಮಿ.ಮೀ. ಮೀರಿ ಉದ್ದವಾಗುತ್ತದೆ. ಸ್ಟೇನ್‌ಲೆಸ್ ಆದರೆ ಐದರ ಹತ್ತಿರ. ಹೊರತುದಿ ಹಲ್‌ಗೆ ಕಚ್ಚಿಕೊಂಡಿರುವುದರಿಂದ ಆ ಬೆಳವಣಿಗೆ ಎಲ್ಲವೂ ಬೆಲ್ಲೋಸ್ ಕಡೆಗೇ ನುಗ್ಗುತ್ತದೆ. ಆದ್ದರಿಂದ ಸೈಲೆನ್ಸರ್ ಬ್ರಾಕೆಟ್ ಕೆಳಗಿನಿಂದ ತೂಕ ಹೊರಬೇಕು, ಉದ್ದಕ್ಕೆ ಮಾತ್ರ ಜಾರಲು ಬಿಡಬೇಕು. ಬ್ರಾಕೆಟಿನ ತೂತನ್ನು ಹತ್ತು ಮಿ.ಮೀ. ಉದ್ದದ ಸೀಳು ಮಾಡಿ, ಹೊಸ ಶಾಖ ತಡೆಯುವ ರಬ್ಬರ್ ಮೌಂಟ್ ಹಾಕಿ. ಮೌಂಟ್ ಸೈಲೆನ್ಸರಿನ ಮೈಗೆ ನೇರ ತಾಗದೆ ಪಟ್ಟಿಯ ಕಾಲಿನ ತುದಿಯಲ್ಲಿರಲಿ, ಇಲ್ಲದಿದ್ದರೆ ಇದೂ ಪುಡಿಯಾಗುತ್ತದೆ.

ಬ್ರಾಕೆಟ್ ಮೊದಲು, ಬೆಲ್ಲೋಸ್ ಆಮೇಲೆ. ಸೈಲೆನ್ಸರ್ ತನ್ನ ಜಾಗದಲ್ಲಿ ಕೂತ ಮೇಲೆ ಪೈಪಿನ ತುದಿ ಮತ್ತು ಎಲ್ಬೋದ ತುದಿ ಒಂದೇ ನೇರಕ್ಕೆ ಬರುತ್ತವೆಯೇ ನೋಡಿ. ಎಂಜಿನ್ ಮೌಂಟುಗಳು ವರ್ಷಗಳಲ್ಲಿ ಕುಸಿದಿದ್ದರೆ ಎಲ್ಬೋ ಕೆಳಗಿರುತ್ತದೆ. ಬೆಲ್ಲೋಸನ್ನು ಬಗ್ಗಿಸಿ ಆ ಅಂತರ ಮುಚ್ಚಬೇಡಿ.


ಗ್ರ್ಯಾಂಡ್‌ಯೂನಿಯನ್57

ಬ್ರಾಕೆಟ್ ಆಯ್ತು, ಹೊಸ ಬೆಲ್ಲೋಸ್ ಕೂತಿದೆ, ಸೀಮೆಸುಣ್ಣದ ಗೆರೆ ನೆಟ್ಟಗಿದೆ. ಊದುಬತ್ತಿ ಹೊಗೆ ಎಲ್ಲೂ ಅಲುಗಲಿಲ್ಲ. ಈಗ ಲ್ಯಾಗಿಂಗ್. ಎಷ್ಟು ತರಿಸಬೇಕು? ಬೆಲ್ಲೋಸಿಗೂ ಸುತ್ತಬೇಕಾ?


ಹುಬ್ಬಳ್ಳಿ_ಸ್ಪ್ಯಾನರ್

50 ಮಿ.ಮೀ. ಅಗಲದ ಟೇಪು ಅಂತ ಇಟ್ಕೋರಿ. ಅರ್ಧಕ್ಕರ್ಧ ಮುಚ್ಚಿಕೊಂಡು ಸುತ್ತಿದ್ರ ಒಂದು ಸುತ್ತಿಗೆ 25 ಮಿ.ಮೀ. ಮುಂದ ಹೋಗ್ತೀರಿ, ಅಂದ್ರ ಮೀಟರಿಗೆ 40 ಸುತ್ತು. ನಿಮ್ಮ ಪೈಪಿನ ಸುತ್ತಳತಿ 15 ಸೆಂ.ಮೀ., ಆರು ಮೀಟರ್ ಆತು. ಬಟ್ಟಿ ದಪ್ಪ ಸೇರಿ ಆರೂವರೆ ಹಿಡೀರಿ. ಎರಡು ಇಂಚಿನ ಪೈಪ್ ಇದ್ದವರಿಗೆ ಎಂಟು. 10 ಮೀಟರ್ ಸುರುಳಿ ಒಂದು ತಂದ್ರ ನಿಮ್ಮ ಪೈಪು, ಎಲ್ಬೋ, ಸೈಲೆನ್ಸರ್ ಆದ ಮ್ಯಾಲಿನ ತುಂಡು ಆಗಬಹುದು. ಖರೆ ಹೇಳಬೇಕಂದ್ರ ಎರಡು ಸುರುಳಿ ತರ್ರಿ, ಎಲ್ಬೋ ಹತ್ರ ಯಾವಾಗ್ಲೂ ಲೆಕ್ಕ ತಪ್ಪತೈತಿ.

ಗ್ಲಾಸ್ ಫೈಬರ್ ಟೇಪನ್ನ ಬಕೇಟ್ ನೀರಾಗ ಅದ್ದಿ ಹಿಂಡಿ ಸುತ್ತರಿ. ಧೂಳು ಕಡಿಮಿ, ಒಣಗಿದಾಗ ಬಿಗಿ ಆಗಿ ಕೂಡತೈತಿ. ತುಂಬು ತೋಳಿನ ಅಂಗಿ, ಕೈಗವಸು, ಮಾಸ್ಕ್ ಹಾಕ್ರಿ, ಇಲ್ಲಾಂದ್ರ ಎರಡು ದಿನ ತುರಿಸ್ಕೊಂತ ಕೂಡಬೇಕು. ಪೈಪಿನ ತಗ್ಗಿನ ತುದಿಯಿಂದ ಶುರು ಮಾಡಿ ಮ್ಯಾಲ ಹೋಗ್ರಿ, ಹೆಂಚು ಹೊದಿಸಿದಂಗ. ಆಗ ಮ್ಯಾಲಿಂದ ಬಿದ್ದ ಎಣ್ಣಿ ಹನಿ ಪದರಿನ ಒಳಗ ಇಳಿಯೂದಿಲ್ಲ. ತುದಿಗೆ ಸ್ಟೇನ್‌ಲೆಸ್ ಪಟ್ಟಿ ಇಲ್ಲಾ ತಂತಿ. ಪ್ಲಾಸ್ಟಿಕ್ ಟೈ ಹಾಕಿದವ್ರೂ ಅದಾರ, ಅವು ಮೊದಲನೇ ದಿನಾನ ಕರಗಿ ಬೀಳತಾವು.


ಮಲ್ಪೆ_ಡೀಸೆಲ್

ಬೆಲ್ಲೋಸಿಗೆ ಟೇಪು ಬಿಗಿಯಾಗಿ ಸುತ್ತಬೇಡಿ. ಸುಕ್ಕಿನ ಒಳಗೆ ಬಟ್ಟೆ ಸಿಕ್ಕಿದ್ರೆ ಅದಕ್ಕೆ ಅಲುಗಾಡ್ಲಿಕ್ಕೆ ಜಾಗ ಇಲ್ಲ, ಒದ್ದೆಯೂ ಅಲ್ಲೇ ನಿಲ್ತದೆ. ಅದರ ಮೇಲೆ ಸಡಿಲವಾದ ಜಾಕೆಟ್ ಹಾಕಿ, ಕೊಕ್ಕೆ-ತಂತಿಯಿಂದ ಕಟ್ಟುವಂಥದ್ದು, ಎರಡು ನಿಮಿಷದಲ್ಲಿ ಬಿಚ್ಚುವ ಹಾಗೆ. ಸೈಲೆನ್ಸರಿಗೂ ಅದೇ ತರ ಹೊಲಿದ ಜಾಕೆಟ್ ಒಳ್ಳೆಯದು. ಸೆರಾಮಿಕ್ ಉಣ್ಣೆ ಬಳಸುವುದಾದ್ರೆ ಬರೀ ಉಣ್ಣೆ ಬಿಡಬೇಡಿ, ಕಂಪನಕ್ಕೆ ಅದರ ನಾರು ಉದುರಿ ಗಾಳಿಗೆ ಸೇರ್ತದೆ, ಮೇಲೆ ಗ್ಲಾಸ್ ಬಟ್ಟೆಯ ಹೊದಿಕೆ ಬೇಕೇ ಬೇಕು.

ಸೈಲೆನ್ಸರಿನಿಂದ ಹಲ್‌ವರೆಗಿನ ಕೊನೆಯ ತುಂಡನ್ನು ಎಲ್ಲರೂ ಮರೀತಾರೆ. ಅಲ್ಲಿ ಹಲ್ ಒಳಮೈಗೆ ಪಾಲಿಸ್ಟೈರಿನ್ ಅಥವಾ ಸ್ಪ್ರೇ ಫೋಮ್ ಇರ್ತದೆ, ಅದರ ಮುಂದೆ ಪ್ಲೈವುಡ್. ಪ್ಲೈವುಡ್ ಕಂದು ಬಣ್ಣಕ್ಕೆ ತಿರುಗಿದ್ರೆ ಅಥವಾ ಫೋಮ್ ಕುಗ್ಗಿ ಪೈಪಿನ ಸುತ್ತ ಗುಹೆ ತರ ಆಗಿದ್ರೆ ಆ ಭಾಗ ಕತ್ತರಿಸಿ ತೆಗೆದು, ಪೈಪನ್ನು ಹಲ್ ತನಕವೂ ಹೊದಿಸಿ.

ಹೊದಿಸಿ ಒಣಗಿದ ಮೇಲೆ ಬೋಟನ್ನು ಒಂದು ಗಂಟೆ ಓಡಿಸಿಕೊಂಡು ಬನ್ನಿ. ದಡಕ್ಕೆ ಕಟ್ಟಿಯೇ ಗೇರ್ ಹಾಕಿ ಓಡಿಸಿದ್ರೆ ದಡ ಕೊರೀತದೆ, ಪಕ್ಕದ ಬೋಟಿನವರ ಬೈಗುಳ ಬೇರೆ. ಕಟ್ಟಿದ ಜಾಗದಲ್ಲಿ ರಾತ್ರಿ 8ರಿಂದ ಬೆಳಿಗ್ಗೆ 8ರ ತನಕ ಎಂಜಿನ್ ಓಡಿಸಬಾರದು ಅನ್ನುವ ಷರತ್ತೂ ಉಂಟಲ್ಲ. ಮೊದಲ ಸಲ ಹೊಸ ಟೇಪಿನಿಂದ ಹೊಗೆ, ವಾಸನೆ ಬರ್ತದೆ, ಅದರ ಅಂಟು ಸುಡುವುದು ಅಷ್ಟೆ. ಅರ್ಧ ಗಂಟೆಯಲ್ಲಿ ನಿಲ್ಲಬೇಕು. ನಿಲ್ಲದಿದ್ರೆ ಎಲ್ಲೋ ಎಣ್ಣೆ ಬಿದ್ದಿದೆ, ಇಂಜೆಕ್ಟರಿನ ಲೀಕ್-ಆಫ್ ಪೈಪನ್ನು (ಉಳಿದ ಡೀಸೆಲ್ ವಾಪಸ್ ಒಯ್ಯುವ ಸಣ್ಣ ಪೈಪು) ಮೊದಲು ನೋಡಿ. ಆ ಗಂಟೆಯ ನಂತರ ಮ್ಯಾನಿಫೋಲ್ಡ್ ನಟ್ಟುಗಳನ್ನು, ತಣ್ಣಗಾದ ಮೇಲೆ, ಮತ್ತೊಮ್ಮೆ ಮುಟ್ಟಿ ನೋಡಿ. ಹೊಸ ಗ್ಯಾಸ್ಕೆಟ್ ಹಾಕಿದ್ರೆ ಕಾಲು ಸುತ್ತು ಬಂದೇ ಬರ್ತದೆ.

ಇನ್‌ಫ್ರಾರೆಡ್ ಥರ್ಮಾಮೀಟರ್ ನಂಬುವವರಿಗೆ ಒಂದು ಮಾತು: ಹೊಳೆಯುವ ಸ್ಟೇನ್‌ಲೆಸ್ ಮೇಲೆ ಅದು ತೀರಾ ಕಡಿಮೆ ತೋರಿಸ್ತದೆ. ಶಾಖ ತಡೆಯುವ ಕಪ್ಪು ಪೇಂಟಿನ ಒಂದು ಬೊಟ್ಟು ಇಟ್ಟು ಅಲ್ಲಿ ಅಳೆಯಿರಿ.


ನೀರ್ದಾರಿ

ಎಕ್ಸಾಸ್ಟ್ ಅಂದರೆ ಎಂಜಿನ್ನಿನದು ಮಾತ್ರ ಅಂದುಕೊಳ್ಳಬೇಡಿ. ಬೋಟಿನಲ್ಲಿ ಡೀಸೆಲ್ ಕ್ಯಾಬಿನ್ ಹೀಟರ್ ಇದೆಯೇ? ಇದ್ದರೆ ಅದರ ತೆಳು ಪೈಪನ್ನೂ ಇದೇ ಊದುಬತ್ತಿಯಿಂದ ತುದಿಯಿಂದ ತುದಿಗೆ ನೋಡಿ. 2019ರ ಡಿಸೆಂಬರಿನಲ್ಲಿ ಯಾರ್ಕ್ ನಗರದಲ್ಲಿ ಕಟ್ಟಿದ್ದ ಡೈವರ್ಷನ್ ಎಂಬ ನ್ಯಾರೋಬೋಟಿನಲ್ಲಿ ಇಬ್ಬರು ಸತ್ತದ್ದು ಹೀಟರಿನ ಎಕ್ಸಾಸ್ಟ್ ಕ್ಯಾಬಿನ್ನಿಗೆ ಸೋರಿ ಕಾರ್ಬನ್ ಮಾನಾಕ್ಸೈಡ್ ತುಂಬಿದ್ದರಿಂದ. 2013ರಲ್ಲಿ ವಿಂಡರ್‌ಮಿಯರ್ ಸರೋವರದಲ್ಲಿ ಆರ್ನಿಸ್ಟನ್ ಎಂಬ ಮೋಟಾರ್ ಬೋಟಿನಲ್ಲಿ ತಾಯಿ ಮಗಳು ಹೋದದ್ದು ಪೆಟ್ರೋಲ್ ಜನರೇಟರಿನ ಕೈಯಾರೆ ಮಾರ್ಪಡಿಸಿದ ಎಕ್ಸಾಸ್ಟಿನಿಂದ. ಎರಡರ ತನಿಖಾ ವರದಿಗಳೂ ಓದಲು ಸಿಗುತ್ತವೆ. ಹೀಟರಿಗೆ ಲಾರಿ, ಕಾರಿಗೆಂದು ಮಾಡಿದ ಸೈಲೆನ್ಸರ್ ಹಾಕಬಾರದು. ಅವು ರಸ್ತೆಯ ಮೇಲೆ ಬಯಲಿನಲ್ಲಿರುವುದರಿಂದ ಜಾಯಿಂಟಿನಲ್ಲಿ ಸ್ವಲ್ಪ ಸೋರಿದರೂ ನಡೆಯುತ್ತದೆ. ಬೋಟಿನೊಳಗೆ ಅನಿಲ ಬಿಗಿ ಇರುವ ಮರೀನ್ ಭಾಗವೇ ಬೇಕು.

2019ರ ಏಪ್ರಿಲ್ 1ರಿಂದ ವಾಸದ ಜಾಗ ಇರುವ ಬೋಟುಗಳಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಈ ಪರೀಕ್ಷೆಯ ಕಡ್ಡಾಯ ಅಂಶ. ಬೋಟಿಗೆ ಒಪ್ಪುವುದು ಇಎನ್ 50291 ಮಾನದಂಡದ ಎರಡನೇ ಭಾಗದ್ದು. ನಿಮ್ಮದು ಟ್ರ್ಯಾಡ್ ಸ್ಟರ್ನ್ ಆದ್ದರಿಂದ ಸೌದೆ ಒಲೆಯ ಬಳಿ ಒಂದು ಇದ್ದರೆ ಸಾಲದು ಎಂಬುದು ನನ್ನ ಅಭಿಪ್ರಾಯ. ಮಲಗುವ ಜಾಗದಲ್ಲಿ, ಮಲಗಿದಾಗ ತಲೆ ಇರುವ ಎತ್ತರಕ್ಕೆ ಇನ್ನೊಂದು ಇರಲಿ. ಬಟನ್ ಒತ್ತಿದರೆ ಕೂಗುತ್ತದೆ ಎಂದಷ್ಟಕ್ಕೆ ಬಿಡಬೇಡಿ. ಹಿಂಭಾಗದಲ್ಲಿ ಬದಲಾಯಿಸಬೇಕಾದ ದಿನಾಂಕ ಇರುತ್ತದೆ. ಬಟನ್ ಪರೀಕ್ಷಿಸುವುದು ಬ್ಯಾಟರಿ ಮತ್ತು ಗಂಟಲನ್ನು, ಸೆನ್ಸರನ್ನಲ್ಲ.

ಪರೀಕ್ಷೆಯ ದಿನ ಎಂಜಿನ್ ಮೇಲಿನ ಹಲಗೆಗಳನ್ನು ತೆಗೆದಿಡಿ. ಹಗ್ಗ, ಎಣ್ಣೆ ಡಬ್ಬಿ, ಕಲ್ಲಿದ್ದಲು ಚೀಲ ಏನೂ ಎಂಜಿನ್ ಸುತ್ತ ಬೇಡ. ಬಿಲ್ಜ್ (ಬೋಟಿನ ತಳದಲ್ಲಿ ನೀರು, ಎಣ್ಣೆ ನಿಲ್ಲುವ ಜಾಗ) ಒರೆಸಿಡಿ, ಎಂಜಿನ್ ಕೆಳಗಿನ ಟ್ರೇ ಖಾಲಿ ಇರಲಿ. ಎಂಜಿನ್ ತಣ್ಣಗಿರಲಿ, ಅವರು ಕೈಯಿಟ್ಟು ನೋಡಬೇಕಲ್ಲ. ಬೆಲ್ಲೋಸಿನ ಜಾಕೆಟಿನ ಕೊಕ್ಕೆ ಎಲ್ಲಿದೆ ಎಂದು ನೀವೇ ತೋರಿಸಿ ಬಿಚ್ಚಿಕೊಡಿ.


ಗ್ರ್ಯಾಂಡ್‌ಯೂನಿಯನ್57

ಹೀಟರ್ ಇಲ್ಲ, ಸೌದೆ ಒಲೆ ಮಾತ್ರ. ಅಲಾರಂ ಹಿಂದೆ ನೋಡಿದೆ, ಬದಲಾಯಿಸಬೇಕಾದ ದಿನ ಹೋದ ವರ್ಷವೇ ಮುಗಿದಿದೆ. ಬಟನ್ ಒತ್ತಿದರೆ ಜೋರಾಗೇ ಕೂಗುತ್ತೆ! ಎರಡು ಹೊಸದು ಆರ್ಡರ್ ಮಾಡಿದೆ.

ಇನ್ನೊಂದು ಸಣ್ಣ ವಿಷಯ: ಆಲ್ಟರ್ನೇಟರ್ ಕೇಬಲ್ ಎಲ್ಬೋದಿಂದ ನಾಲ್ಕು ಬೆರಳು ದೂರದಲ್ಲಿ ಹೋಗುತ್ತೆ, ಪ್ಲಾಸ್ಟಿಕ್ ಕ್ಲಿಪ್‌ನಲ್ಲಿದೆ. ಎಲ್ಬೋ ಈಗ ಹೊದಿಸಿರೋದರಿಂದ ಹಾಗೇ ಬಿಡಬಹುದಾ?


ಹುಬ್ಬಳ್ಳಿ_ಸ್ಪ್ಯಾನರ್

ಬಿಡಬ್ಯಾಡ್ರಿ. ಶಾಖಕ್ಕ ಕ್ಲಿಪ್ ಮೆತ್ತಗಾಗಿ ಒಂದು ದಿನ ಬಿಡತೈತಿ, ಕೇಬಲ್ ಸೀದಾ ಎಲ್ಬೋ ಮ್ಯಾಲ ಬೀಳತೈತಿ. ರಬ್ಬರ್ ಪಟ್ಟಿ ಇರೋ ಲೋಹದ ಪಿ-ಕ್ಲಿಪ್ ಎರಡು ತಂದು, ಎಂಜಿನ್ನಿನ ಆ ಕಡೆಯಿಂದ ಸುತ್ತಿ ಒಯ್ರಿ. ಬ್ಯಾಟರಿ ಐಸೊಲೇಟರ್ (ಬ್ಯಾಟರಿ ಸಂಪರ್ಕ ಕಡಿಯೋ ಸ್ವಿಚ್) ಬಂದ್ ಮಾಡಿ, ಬ್ಯಾಟರಿ ನೆಗೆಟಿವ್ ಬಿಚ್ಚಿ ಕೆಲಸ ಮಾಡ್ರಿ. ಆಲ್ಟರ್ನೇಟರ್ ಕೇಬಲ್ ಕೆಲವು ಬೋಟಿನ್ಯಾಗ ಐಸೊಲೇಟರ್ ದಾಟಿ ಸೀದಾ ಬ್ಯಾಟರಿಗೆ ಹೋಗಿರತೈತಿ, ಸ್ಪ್ಯಾನರ್ ತಾಗಿದ್ರ ಕಿಡಿ ಹಾರತಾವು.